ಸೀಕ್ರೆಟ್ ವಾರ್ಸ್: ನನಗಂತೂ ಇದು ಡೂಮ್‌ನ ಕಥೆ

ಮಾರ್ವೆಲ್‌ನ ಸೀಕ್ರೆಟ್ ವಾರ್ಸ್ ಕಾಮಿಕ್ಸ್, ಹನ್ನೆರಡೂ ಸಂಚಿಕೆ ಒಟ್ಟಿಗಿರುವ ಪೇಪರ್‌ಬ್ಯಾಕ್. ಚರ್ಚ್ ಸ್ಟ್ರೀಟ್‌ನಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡು ಬಹಳ ವರ್ಷವಾಯಿತು. ನಮ್ಮ ಗುಂಪಿನಲ್ಲಿ ಎಲ್ಲರ ಮನೆಗೂ ಹೋಗಿ ಬಂದಿದೆ. ಬೆನ್ನು ಸುಕ್ಕುಗಟ್ಟಿದೆ, ಒಂದು ಹಾಳೆಯೂ ಕಿತ್ತಿಲ್ಲ. ಇದರಲ್ಲಿ ನಿಜವಾದ ಹೀರೋ ಯಾರು ಅನ್ನೋ ಜಗಳ ಮಾತ್ರ ಇನ್ನೂ ಮುಗಿದಿಲ್ಲ.

1984–85ರ ಕಥೆ. ಬರೆದದ್ದು ಜಿಮ್ ಶೂಟರ್, ಚಿತ್ರ ಬಹುಪಾಲು ಮೈಕ್ ಝೆಕ್. ಮ್ಯಾಟೆಲ್ ಕಂಪನಿಯ ಆಟಿಕೆಗಳ ಜೊತೆ ಬಂದದ್ದು, ಅದು ಗೊತ್ತಾಗುತ್ತದೆ ಕೂಡ. ಬಿಯಾಂಡರ್ ಅನ್ನೋ ಮಹಾಶಕ್ತಿ ಹೀರೋಗಳನ್ನೂ ವಿಲನ್‌ಗಳನ್ನೂ ಎತ್ತಿ ತಂದು ಬ್ಯಾಟಲ್‌ವರ್ಲ್ಡ್ ಅನ್ನೋ ಗ್ರಹಕ್ಕೆ ಹಾಕುತ್ತದೆ. ಎದುರಾಳಿಗಳನ್ನು ಕೊಂದರೆ ಬೇಕಾದ್ದೆಲ್ಲ ನಿಮ್ಮದು ಅನ್ನುತ್ತದೆ. ಎಲ್ಲರೂ ಬಣ ಕಟ್ಟಿಕೊಂಡು ಹೊಡೆದಾಟಕ್ಕೆ ಇಳಿಯುತ್ತಾರೆ. ವಿಲನ್‌ಗಳಲ್ಲಿ ಡಾಕ್ಟರ್ ಡೂಮ್ ಒಬ್ಬನ ಕಣ್ಣು ಮಾತ್ರ ಮೊದಲಿನಿಂದಲೂ ಈ ಆಟ ಆಡಿಸುತ್ತಿರುವವನ ಮೇಲೆಯೇ ಇರುತ್ತದೆ. ಅದಕ್ಕೇ ಈ ಪುಸ್ತಕ ನನಗೆ ಇಷ್ಟು ಇಷ್ಟ.

ಹತ್ತನೇ ಸಂಚಿಕೆ ಎಷ್ಟು ಸಲ ಓದಿದರೂ ಮೈ ಜುಂ ಅನ್ನುತ್ತದೆ. ಅದಕ್ಕೆ ಮೊದಲೇ ಡೂಮ್, ಶಬ್ದದಿಂದಲೇ ಆದ ಕ್ಲಾ ಅನ್ನೋ ವಿಲನ್‌ನ ದೇಹವನ್ನೇ ಸೀಳಿ ಲೆನ್ಸ್ ಮಾಡಿಕೊಂಡು, ಗ್ರಹಗಳನ್ನೇ ನುಂಗುವ ಗ್ಯಾಲಕ್ಟಸ್‌ನ ಶಕ್ತಿಗೇ ಕೈ ಹಾಕಿರುತ್ತಾನೆ. ಆಮೇಲೆ ನೇರ ಬಿಯಾಂಡರ್ ಹತ್ತಿರ ಹೋಗುತ್ತಾನೆ. ಕವಚ ಚೂರು ಚೂರಾಗಿದೆ, ಮೈ ಹರಿದುಹೋಗಿದೆ, ಬೇರೆ ಯಾರೇ ಆಗಿದ್ದರೂ ಅಲ್ಲೇ ಕೈಚೆಲ್ಲುತ್ತಿದ್ದರು, ಇವನು ಆ ಸ್ಥಿತಿಯಲ್ಲೇ ಆ ಶಕ್ತಿಯನ್ನು ಕಿತ್ತುಕೊಳ್ಳುತ್ತಾನೆ. ರನ್ನನ ಗದಾಯುದ್ಧ ಓದಿದವರಿಗೆ ಇಂಥ ಛಲ ಹೊಸದಲ್ಲ. ಕಾವ್ಯದ ನಾಯಕ ಭೀಮನೇ ಆದರೂ ಮನಸ್ಸು ಹೋಗಿ ನಿಲ್ಲುವುದು ದುರ್ಯೋಧನನ ಹತ್ತಿರ, ಅಲ್ವಾ?

"ಅಲ್ಲ ಕಣೋ, ಛಲ ಇದ್ದ ಮಾತ್ರಕ್ಕೆ ಹೀರೋ ಆಗಿಬಿಡ್ತಾನಾ?" ಅಂತ ಮಲ್ಲೇಶ್ವರದ ಗೆಳೆಯ ಪ್ರತಿ ಸಲವೂ ಕೇಳುತ್ತಾನೆ. ಅವನ ವಾದದಲ್ಲಿ ಹುರುಳಿದೆ. ಹನ್ನೊಂದನೇ ಸಂಚಿಕೆಯಲ್ಲಿ ಡೂಮ್ ತನ್ನ ಮುಖ ಸರಿ ಮಾಡಿಕೊಂಡು, ಯುದ್ಧ ಮುಗಿಯಿತು ಅನ್ನುತ್ತಾನೆ. ಹೀರೋಗಳು ನಂಬುವುದಿಲ್ಲ. ಕೂತು ಚರ್ಚೆ ಮಾಡುತ್ತಾರೆ, ಇವನ ಮೇಲೆ ಹೋರಾಡಲೇಬೇಕು ಅಂತ ಎಲ್ಲರೂ ಒಪ್ಪುತ್ತಾರೆ, ಒಪ್ಪಿದ ಆ ಕ್ಷಣಕ್ಕೆ ಮೇಲಿಂದ ಸಿಡಿಲು ಬಡಿದು ಎಲ್ಲರೂ ಸುಟ್ಟುಹೋಗುತ್ತಾರೆ. ಇಲ್ಲೇ ನಮ್ಮ ಗುಂಪು ಎರಡಾಗುವುದು. ಶಾಂತಿ ಮುರಿದದ್ದು ಸಿಡಿಲು ಹೊಡೆದವನಾ, ಅವನು ಏನೂ ಮಾಡುವ ಮೊದಲೇ ಯುದ್ಧಕ್ಕೆ ಕೈ ಎತ್ತಿದವರಾ? ನಾನು ಡೂಮ್ ಒಳ್ಳೆಯವನು ಅನ್ನುತ್ತಿಲ್ಲ. ಕ್ಲಾನನ್ನು ಅವನು ಬಳಸಿಕೊಂಡ ರೀತಿ ನೋಡಿದರೆ ಸಾಕು, ಕ್ರೂರಿಯೇ. ಆದರೆ ಇಡೀ ಕಥೆ ಮುಂದೆ ಹೋಗುವುದು ಅವನ ಆಸೆಯಿಂದ, ಕೊನೆಗೆ ಅವನು ಬೀಳುವುದೂ ಅವನದೇ ಮನಸ್ಸಿನಿಂದ. ಸತ್ತವರು ಬದುಕಿರಬಹುದೇನೋ ಅನ್ನೋ ಅನುಮಾನವನ್ನು ಕ್ಲಾ ಮೆಲ್ಲಗೆ ಕಿವಿಗೆ ಹಾಕುತ್ತಾನೆ. ಡೂಮ್ ನೆನೆಸಿದ್ದೆಲ್ಲ ನಡೆಯುವಷ್ಟು ಶಕ್ತಿ ಬಂದಿರುವುದರಿಂದ ಆ ಅನುಮಾನವೂ ನಿಜವಾಗಿಬಿಡುತ್ತದೆ! ಹೊಡೆದಾಟದಲ್ಲಿ ಸೋಲಿಸುವುದಕ್ಕಿಂತ ಇದು ಎಷ್ಟೋ ಚೆನ್ನಾಗಿದೆ.

ಇನ್ನೊಬ್ಬ ಗೆಳತಿ ಎಕ್ಸ್-ಮೆನ್‌ನ ಹಳೆಯ ಶತ್ರು ಮ್ಯಾಗ್ನೆಟೋ ಪರ. ಬಿಯಾಂಡರ್ ಅವನನ್ನು ಹೀರೋಗಳ ಕಡೆಗೇ ಹಾಕಿದ್ದು ಒಳ್ಳೆಯ ಯೋಚನೆ, ಒಪ್ಪುತ್ತೇನೆ. ಆದರೆ ಶೂಟರ್ ಅದನ್ನು ಪೂರ್ತಿ ಬೆಳೆಸಲಿಲ್ಲ. ಅವೆಂಜರ್ಸ್ ತಂಡದ ನಾಯಕಿ ವಾಸ್ಪ್ ಜೊತೆಗಿನ ಅವನ ಪ್ರಸಂಗವಂತೂ ಸುಮ್ನೆ ತುರುಕಿದಂತಿದೆ. ಹೆಣ್ಣು ಪಾತ್ರಗಳನ್ನು ಬರೆದಿರುವ ರೀತಿಯೇ ಈ ಪುಸ್ತಕದ ದೊಡ್ಡ ಕೊರತೆ, ಒಂದು ಸ್ಟಾರ್ ಅದಕ್ಕೇ ಕಡಿಮೆ. ಸಂಭಾಷಣೆಯೂ ಜಾಸ್ತಿ, ಪಾತ್ರಗಳು ತಾವು ಮಾಡುತ್ತಿರುವುದನ್ನೇ ಬಾಯಿಬಿಟ್ಟು ಹೇಳುತ್ತಿರುತ್ತವೆ.

2015ರಲ್ಲಿ ಜೊನಾಥನ್ ಹಿಕ್‌ಮನ್ ಇದೇ ಹೆಸರಿನಲ್ಲಿ ಬರೆದ ಕಥೆಯಲ್ಲಿ ಡೂಮ್ ದೇವರೇ ಆಗಿ ಕೂತಿದ್ದಾನೆ. ಬರವಣಿಗೆ ಅದರದೇ ಮೇಲು. ಎರಡನ್ನೂ ಓದುವುದಾದರೆ ಹಳೆಯದನ್ನು ಮೊದಲು ಓದಿ, ಆಗ ಅವನು ಆ ಸಿಂಹಾಸನಕ್ಕೆ ಏಕೆ ಅಷ್ಟು ಅಂಟಿಕೊಂಡಿದ್ದಾನೆ ಅಂತ ತಿಳಿಯುತ್ತದೆ. ಸ್ಪೈಡರ್‌ಮ್ಯಾನ್‌ನ ಕಪ್ಪು ಸೂಟ್‌ಗಾಗಿ ಮಾತ್ರ ಕೊಳ್ಳುವವರಿಗೆ ಒಂದು ಮಾತು: ಅದು ಬರುವುದು ಎಂಟನೇ ಸಂಚಿಕೆಯಲ್ಲಿ, ಕೆಲವೇ ಪುಟ.