ಮನೆಯಲ್ಲೊಂದು ಗಾಳಿ ಪಂಪು: ಮೀಟರಿರುವ ಫ್ಲೋರ್ ಪಂಪಿನ ವಿಮರ್ಶೆ

ಪುಣೆಯಲ್ಲಿ ಹೊಸದಾಗಿ ಸೈಕಲ್ ಹಿಡಿದ ನಮ್ಮ ಕನ್ನಡ ಬಳಗದವರು ಏನೇನು ಕೊಳ್ಳಬೇಕೆಂದು ಕೇಳುವ ಹೊತ್ತಿಗೆ ಹೆಲ್ಮೆಟ್, ಕೈಗವಸು, ದೀಪ, ಮೊಬೈಲ್ ಸಿಕ್ಕಿಸುವ ಹಿಡಿಕೆ, ಬಣ್ಣದ ನೀರಿನ ಬಾಟಲಿ ಎಲ್ಲವನ್ನೂ ಆಗಲೇ ಕೊಂಡಿರುತ್ತಾರೆ. ಗಾಳಿ ಹೊಡೆಯುವ ಪಂಪು ಮಾತ್ರ ಇರುವುದಿಲ್ಲ. ಹೆಲ್ಮೆಟ್ಟಿಗೂ ದೀಪಕ್ಕೂ ನನ್ನ ತಕರಾರಿಲ್ಲ, ಅವು ಇರಲೇಬೇಕು. ಆದರೆ ಉಳಿದುದಕ್ಕೆಲ್ಲ ಮೊದಲು, ಒತ್ತಡ ತೋರಿಸುವ ಮೀಟರ್ ಇರುವ, ನೆಲದ ಮೇಲೆ ನಿಲ್ಲಿಸಿ ಎರಡೂ ಕೈಗಳಿಂದ ಹೊಡೆಯುವ ಫ್ಲೋರ್ ಪಂಪ್ ಒಂದನ್ನು ಮನೆಗೆ ತರಬೇಕು ಎಂಬುದು ಕೋಥ್ರೂಡಿನಿಂದ ಶಿವಾಜಿನಗರದ ಕಚೇರಿಗೆ ಸೈಕಲಿನಲ್ಲೇ ಹೋಗಿಬರುವ ನನ್ನ ಅಭಿಪ್ರಾಯ. ಅಂಥದೊಂದು ಪಂಪನ್ನು ಕೆಲವು ಮಳೆಗಾಲಗಳಿಂದ ಬಳಸುತ್ತಿದ್ದೇನೆ. ಅದರ ಗುಣವನ್ನೂ ಕೊರತೆಯನ್ನೂ ಇಲ್ಲಿ ಬರೆದಿದ್ದೇನೆ.

ಪೆಟ್ಟಿಗೆಯ ಮೇಲೆ ಯಾವ ಕಂಪನಿಯ ಹೆಸರಿದೆ ಎಂಬುದನ್ನು ಬೇಕೆಂದೇ ಹೇಳುತ್ತಿಲ್ಲ. ಎರಡು ಸಾವಿರ ರೂಪಾಯಿಯ ಒಳಗೆ ಸಿಗುವ ಇಂಥ ಪಂಪುಗಳ ಮೈಕಟ್ಟು ಹೆಚ್ಚುಕಡಿಮೆ ಒಂದೇ: ಉಕ್ಕಿನ ಕೊಳವೆ, ಎರಡೂ ಪಾದ ಊರಲು ಅಗಲವಾದ ತಳ, ಮೇಲೆ ಅಡ್ಡ ಹಿಡಿಕೆ, ಬುಡದಲ್ಲಿ ದುಂಡನೆಯ ಮೀಟರ್, ಚಕ್ರ ಯಾವ ಮಗ್ಗುಲಲ್ಲಿದ್ದರೂ ತಲುಪುವಷ್ಟು ಉದ್ದದ ಪೈಪು, ಪೈಪಿನ ತುದಿಯಲ್ಲಿ ಎರಡು ಬಾಯಿಯ ತಲೆ ಮತ್ತು ಅದನ್ನು ಬಿಗಿಯುವ ಲಿವರ್. ಆದ್ದರಿಂದ ಒಂದರ ವಿಷಯದಲ್ಲಿ ಹೇಳಿದ್ದರಲ್ಲಿ ಬಹುಪಾಲು ಇನ್ನೊಂದಕ್ಕೂ ಅನ್ವಯಿಸುತ್ತದೆ.

ಪಂಪು ಮನೆಯಲ್ಲೇ ಏಕೆ ಬೇಕೆಂದರೆ, ಎಲ್ಲೂ ತೂತಿಲ್ಲದ, ಹೊಚ್ಚಹೊಸ ಟ್ಯೂಬಿನಿಂದಲೂ ಗಾಳಿ ಸೋರುತ್ತಲೇ ಇರುತ್ತದೆ. ಸೈಕಲ್ ಟ್ಯೂಬಿನ ಬ್ಯೂಟೈಲ್ ರಬ್ಬರ್ ಗಾಳಿಯನ್ನು ನಿಧಾನವಾಗಿ ಹೊರಕ್ಕೆ ಬಿಡುತ್ತದೆ. ಟೈರು ತೆಳುವಾದಷ್ಟೂ ಒಳಗಿನ ಗಾಳಿಯ ಪ್ರಮಾಣ ಕಡಿಮೆ, ಒತ್ತಡ ಹೆಚ್ಚು, ಹಾಗಾಗಿ ಇಳಿಯುವುದೂ ಬೇಗ. ವಾರದಲ್ಲಿ ಕೆಲವು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಕಡಿಮೆಯಾದದ್ದು ಕಣ್ಣಿಗೆ ಕಾಣುವುದಿಲ್ಲ. ಆದರೆ ಪೌಡ್ ರಸ್ತೆಯ ಏರಿನಲ್ಲಿ ಕಾಲಿಗೆ ಗೊತ್ತಾಗುತ್ತದೆ, ಮುಂದಿನ ಗುಂಡಿಯಲ್ಲಿ ಟ್ಯೂಬಿಗೂ ಗೊತ್ತಾಗುತ್ತದೆ. ಗಾಳಿ ಕಡಿಮೆಯಿರುವ ಟೈರು ಗುಂಡಿಯ ಅಂಚಿಗೆ ಬಡಿದಾಗ ಆ ಅಂಚಿಗೂ ರಿಮ್ಮಿನ ಎರಡು ಅಂಚುಗಳಿಗೂ ನಡುವೆ ಟ್ಯೂಬು ಸಿಕ್ಕಿ ಅಕ್ಕಪಕ್ಕದಲ್ಲೇ ಎರಡು ಸೀಳುಗಳು ಬೀಳುತ್ತವೆ. ಟ್ಯೂಬು ಬಿಚ್ಚಿ ನೀರಿನಲ್ಲಿ ಅದ್ದಿದಾಗ ಗುಳ್ಳೆ ಒಂದೇ ಕಡೆ ಎದ್ದರೆ ಜಾಲಿ ಮುಳ್ಳನ್ನೋ ಗಾಜಿನ ಚೂರನ್ನೋ ಹುಡುಕಬೇಕು. ಜೋಡಿಯಾಗಿ ಎದ್ದರೆ ಮುಳ್ಳು ಹುಡುಕುವುದು ವ್ಯರ್ಥ, ಅದು ಗಾಳಿ ಕಡಿಮೆಯಾದದ್ದರ ಫಲ. ಪಂಕ್ಚರ್ ಆಯಿತೆಂದು ರಸ್ತೆಯನ್ನು ಬೈಯುವವರಲ್ಲಿ ಅನೇಕರ ಟ್ಯೂಬಿನ ಮೇಲೆ ನಾನು ಕಂಡಿರುವುದು ಈ ಜೋಡಿ ಗುರುತನ್ನೇ.

ಎಷ್ಟು ಗಾಳಿ ಎಂಬ ಪ್ರಶ್ನೆಗೆ ಟೈರಿನ ಪಕ್ಕೆಯ ಮೇಲೆ ಅಚ್ಚಾದ ಸಂಖ್ಯೆಯೇ ಉತ್ತರವೆಂದು ತಿಳಿಯುವುದು ಸರಿಯಲ್ಲ. ಅದು ಸಾಮಾನ್ಯವಾಗಿ ಮೇಲಿನ ಮಿತಿ. ಕೆಲವು ಟೈರುಗಳಲ್ಲಿ ಕೆಳಗಿನ ಮಿತಿಯನ್ನೂ ಕೊಟ್ಟಿರುತ್ತಾರೆ. ಈ ಎರಡರ ನಡುವೆ ಎಲ್ಲಿ ನಿಲ್ಲಬೇಕೆಂಬುದನ್ನು ಸವಾರನ ತೂಕ, ಟೈರಿನ ಅಗಲ ಮತ್ತು ರಸ್ತೆ ಸೇರಿ ನಿರ್ಧರಿಸುತ್ತವೆ. 700×35 ಅಳತೆಯ, ಅಂದರೆ 35 ಮಿಲಿಮೀಟರ್ ಅಗಲದ, ಟೈರಿನ ಮೇಲೆ ಎಪ್ಪತ್ತು ಕಿಲೋ ತೂಕದವರು ಮುಂದೆ 50, ಹಿಂದೆ 55ರಿಂದ 60 ಪಿಎಸ್‌ಐ ಇಟ್ಟುಕೊಂಡು ನೋಡಬಹುದು. ಸೊಂಟದ ಭಾರ ಹಿಂದಿನ ಚಕ್ರದ ಮೇಲೆ ಬೀಳುವುದರಿಂದ ಹಿಂದಕ್ಕೆ ಸ್ವಲ್ಪ ಜಾಸ್ತಿ ಬೇಕು, ಕ್ಯಾರಿಯರಿನಲ್ಲಿ ಲ್ಯಾಪ್‌ಟಾಪ್ ಮತ್ತು ಊಟದ ಡಬ್ಬಿ ಇದ್ದರೆ ಇನ್ನೂ ಸ್ವಲ್ಪ. 25 ಮಿಲಿಮೀಟರ್ ಅಗಲದ ರೋಡ್ ಬೈಕಿನ ಟೈರಿಗೆ 80ರ ಮೇಲೆ ಬೇಕಾಗುತ್ತದೆ, ಎರಡು ಇಂಚಿನ ಎಂಟಿಬಿ (ಮೌಂಟನ್ ಬೈಕ್) ಟೈರಿಗೆ ಸುಮಾರು 40 ಸಾಕು. ಮಳೆಗಾಲದಲ್ಲಿ ನಾನು ಎರಡೂ ಚಕ್ರದಲ್ಲಿ ಐದೈದು ಪಿಎಸ್‌ಐ ಇಳಿಸುತ್ತೇನೆ. ಒದ್ದೆಯಾದ ಜೀಬ್ರಾ ಪಟ್ಟೆ, ಚರಂಡಿಯ ಕಬ್ಬಿಣದ ಮುಚ್ಚಳ ಮತ್ತು ಪೇಠೆಗಳ ಓಣಿಯಲ್ಲಿ ಹಾಸಿದ ಬ್ಲಾಕುಗಳ ಮೇಲೆ ಟೈರು ಅಷ್ಟಾದರೂ ಹೆಚ್ಚು ಊರಿಕೊಳ್ಳಲಿ ಎಂಬುದು ಲೆಕ್ಕಾಚಾರ.

ಧಾರವಾಡ ಕಡೆಯ ಹಿರಿಯರೊಬ್ಬರು ಭಾನುವಾರ ಬೆಳಿಗ್ಗೆ ನಮ್ಮ ಜೊತೆ ಖಡಕ್‌ವಾಸ್ಲಾದವರೆಗೆ ಸೈಕಲ್ ಹೊಡೆಯುತ್ತಾರೆ. ನನ್ನ ಪಂಪನ್ನು ನೋಡಿ ಅವರು, "ಹೆಬ್ಬಟ್ಟಿಲೆ ಒತ್ತಿ ನೋಡಿದ್ರ ತಿಳಿತದರೀ, ಅದಕ್ಯಾಕ ಗಡಿಯಾರ?" ಎಂದು ನಕ್ಕಿದ್ದರು. ಅವರದೇ ಹಿಂದಿನ ಚಕ್ರವನ್ನು ಒತ್ತಿ ನೋಡಲು ಹೇಳಿದೆ. "ಅರವತ್ತಕ್ಕ ಕಡಿಮಿ ಇಲ್ಲ" ಎಂದರು. ಮೀಟರಿನ ಮುಳ್ಳು ನಲವತ್ತನ್ನು ಮುಟ್ಟಲಿಲ್ಲ. "ಸರ್, ಟೈರು ದಪ್ಪ ಇದ್ದಷ್ಟೂ ಹೆಬ್ಬೆಟ್ಟು ಮೋಸ ಹೋಗುತ್ತದೆ" ಎಂದೆ. ಇದರಲ್ಲಿ ಅವರ ಕೈಯ ತಪ್ಪೇನೂ ಇಲ್ಲ. ಮುಳ್ಳು ತಡೆಯಲೆಂದು ಒಳಗೆ ಪಟ್ಟಿ ಕೊಟ್ಟಿರುವ ಗಟ್ಟಿ ಟೈರಿನಲ್ಲಿ ಕೈಗೆ ಸಿಗುವುದು ರಬ್ಬರಿನ ಬಿಗುವೇ ಹೊರತು ಗಾಳಿಯದಲ್ಲ.

ಇನ್ನು ಪಂಪಿನ ತಲೆಯ ಮಾತು. ನಮ್ಮಲ್ಲಿ ಮೂರು ಬಗೆಯ ವಾಲ್ವುಗಳು ಬಳಕೆಯಲ್ಲಿವೆ: ಮೋಟಾರ್ ಬೈಕಿನಲ್ಲಿರುವಂಥ ದಪ್ಪನೆಯ ಶ್ರೇಡರ್, ತುದಿಯಲ್ಲಿ ಪುಟ್ಟ ತಿರುಪು ಇರುವ ತೆಳ್ಳನೆಯ ಪ್ರೆಸ್ಟಾ, ಮತ್ತು ಹಳೆಯ ಕರಿ ಸೈಕಲ್ಲುಗಳಲ್ಲಿ ಒಳಗೆ ಸಣ್ಣ ರಬ್ಬರ್ ನಳಿಕೆ ತೊಡಿಸಿರುವ ಡನ್‌ಲಪ್. ಈ ಪಂಪಿನ ದೊಡ್ಡ ಬಾಯಿ ಶ್ರೇಡರಿಗೆ, ಸಣ್ಣ ಬಾಯಿ ಪ್ರೆಸ್ಟಾಕ್ಕೆ. ಡನ್‌ಲಪ್ ಕೂಡ ಸಣ್ಣ ಬಾಯಲ್ಲೇ ಕೂರುತ್ತದೆ. ಇದು ಅಂಗಡಿಯ ಹುಡುಗರಿಗೂ ಎಷ್ಟೋ ಸಲ ತಿಳಿದಿರುವುದಿಲ್ಲ. ಪ್ರೆಸ್ಟಾ ಉಳ್ಳವರು ತಿರುಪನ್ನು ಅದು ನಿಲ್ಲುವವರೆಗೂ ಸಡಿಲಿಸಿ, ಬೆರಳ ತುದಿಯಿಂದ ಒಮ್ಮೆ ಒತ್ತಿ "ಟುಸ್" ಎಂಬ ಸದ್ದು ಕೇಳಿಸಿಕೊಂಡ ಮೇಲೆಯೇ ಪಂಪಿನ ತಲೆಯನ್ನು ತೊಡಿಸಬೇಕು, ಏಕೆಂದರೆ ಹಲವು ದಿನ ಮುಚ್ಚಿಯೇ ಇದ್ದ ವಾಲ್ವು ಒಳಗೆ ಅಂಟಿಕೊಂಡಿದ್ದರೆ ಎಷ್ಟು ಹೊಡೆದರೂ ಮೀಟರಿನ ಮುಳ್ಳು ಏರುತ್ತದೆ, ಟೈರು ಏರುವುದಿಲ್ಲ. ತಲೆಯನ್ನು ನೇರವಾಗಿ ಒತ್ತಿ, ಇನ್ನೊಂದು ಕೈಯಿಂದ ಟೈರನ್ನು ಹಿಡಿದುಕೊಂಡೇ ಲಿವರ್ ಎತ್ತಬೇಕು. ವಾರೆಯಾಗಿ ಒತ್ತಿದರೆ ಪ್ರೆಸ್ಟಾದ ಸಣ್ಣ ಕಡ್ಡಿ ಬಾಗುತ್ತದೆ, ಬಾಗಿದ್ದನ್ನು ನೆಟ್ಟಗೆ ಮಾಡಹೋದರೆ ಮುರಿಯುತ್ತದೆ. ತೆಗೆಯುವಾಗ ಬುಸ್ಸೆಂದು ಬರುವ ಗಾಳಿ ಪೈಪಿನೊಳಗಿನದು. ಅದನ್ನು ಕಂಡು ಗಾಬರಿಯಾಗಿ ಮತ್ತೆ ತೊಡಿಸಿ ಹೊಡೆಯುವ ಅಗತ್ಯವಿಲ್ಲ.

ಹೊಡೆಯಲು ಎಷ್ಟು ಬಲ ಬೇಕೆಂಬುದು ಕೊಳವೆಯ ಅಗಲಕ್ಕೆ ಸೇರಿದ್ದು. ಒಳ ಅಡ್ಡಳತೆ 32 ಮಿಲಿಮೀಟರ್ ಇದ್ದರೆ ಒಳಗೆ ಗಾಳಿಯನ್ನು ಒತ್ತುವ ಬಿಲ್ಲೆಯ ವಿಸ್ತೀರ್ಣ ಸುಮಾರು 8 ಚದರ ಸೆಂಟಿಮೀಟರ್ ಆಗುತ್ತದೆ. 60 ಪಿಎಸ್‌ಐ ಎಂದರೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 4.2 ಕಿಲೋ ಒತ್ತಡ, ಆದ್ದರಿಂದ ಕೊನೆಯ ಹೊಡೆತಗಳಲ್ಲಿ ಹಿಡಿಕೆಯ ಮೇಲೆ ಹಾಕಬೇಕಾದ ಭಾರ ಸುಮಾರು 34 ಕಿಲೋ. ಅದೇ ಕೊಳವೆಯಲ್ಲಿ 100 ಪಿಎಸ್‌ಐಗೆ 56 ಕಿಲೋ ಬೇಕು. ಕೊಳವೆ 38 ಮಿಲಿಮೀಟರ್ ಆದರೆ ಈ ಸಂಖ್ಯೆಗಳು 48 ಮತ್ತು 80 ಆಗುತ್ತವೆ. ದಪ್ಪ ಕೊಳವೆಯಲ್ಲಿ ಹೊಡೆತಗಳು ಕಡಿಮೆಯೆಂಬುದು ನಿಜ, ಎಂಟಿಬಿಯ ದೊಡ್ಡ ಟೈರುಗಳಿಗೆ ಅದೇ ವಾಸಿ. ಆದರೆ ಹಗುರ ಮೈಯವರು ತೆಳು ಟೈರಿನ ಸೈಕಲ್ ಇಟ್ಟುಕೊಂಡಿದ್ದರೆ ಸಣಕಲು ಪಂಪನ್ನೇ ಆರಿಸುವುದು ಜಾಣತನ. ನನ್ನದು ಸಣಕಲು ಬಗೆಯದು. ಕೈಯನ್ನು ಮಡಚದೆ ನೆಟ್ಟಗೆ ಇಟ್ಟುಕೊಂಡು ಮೈಭಾರವನ್ನೇ ಕೆಳಕ್ಕೆ ಬಿಟ್ಟರೆ ನಮ್ಮ ಸೊಸೈಟಿಯ ಏಳನೆಯ ತರಗತಿಯ ಹುಡುಗಿಯೂ 50ರವರೆಗೆ ಹೊಡೆಯುತ್ತಾಳೆ. ಈ ಪಂಪು ಬಂದಂದಿನಿಂದ ಸೊಸೈಟಿಯ ಮಕ್ಕಳ ಸೈಕಲ್ಲುಗಳೆಲ್ಲ ರಜೆಯ ದಿನ ನಮ್ಮ ಬಾಗಿಲಿಗೇ ಬರುತ್ತವೆ ಎಂಬುದನ್ನು ಕೊಳ್ಳುವವರು ಮೊದಲೇ ತಿಳಿದಿರುವುದು ಒಳ್ಳೆಯದು.

ಮೀಟರಿನ ಬಗ್ಗೆ ನನಗೆ ಪೂರ್ಣ ಸಮಾಧಾನವಿಲ್ಲ. ಸೊನ್ನೆಯಿಂದ 160ರವರೆಗೆ ಅಂಕಿ ಕೊಟ್ಟಿರುವ ಈ ದುಂಡು ಫಲಕದಲ್ಲಿ ನಮ್ಮಂಥವರಿಗೆ ಬೇಕಾದ 40ರಿಂದ 70ರ ಭಾಗ ಒಂದು ಸಣ್ಣ ತುಂಡಿಗೆ ಇಕ್ಕಟ್ಟಾಗಿ ಕುಳಿತಿದೆ. 120ರಾಚೆಯ ಜಾಗವನ್ನು ದಿನನಿತ್ಯದ ಸವಾರರು ಎಂದೂ ಬಳಸುವುದಿಲ್ಲ. ಮೀಟರ್ ಬುಡದಲ್ಲಿರುವುದರಿಂದ ಚಾಳೀಸು ಬಂದವರು ಬಗ್ಗಿ ಓದಬೇಕು. ಅಲ್ಲದೆ ಪ್ರೆಸ್ಟಾದಲ್ಲಿ ಮೊದಲ ಒಂದೆರಡು ಹೊಡೆತ ಬಿದ್ದು ವಾಲ್ವು ತೆರೆದುಕೊಳ್ಳುವವರೆಗೆ ಮುಳ್ಳು ಸರಿಯಾದದ್ದನ್ನು ಹೇಳುವುದಿಲ್ಲ. ಡನ್‌ಲಪ್‌ನಲ್ಲಂತೂ ಅದು ತೋರಿಸುವುದು ಪೈಪಿನೊಳಗಿನ ಒತ್ತಡವನ್ನೇ, ಟೈರಿನದನ್ನಲ್ಲ. ಅಂಕಿ ಒಂದೆರಡು ಪಿಎಸ್‌ಐ ಆಚೀಚೆ ಇದ್ದರೂ ಯಾವಾಗಲೂ ಅಷ್ಟೇ ಆಚೀಚೆ ಇರುವ ಮೀಟರ್ ಸಾಕು, ಏಕೆಂದರೆ ನಮಗೆ ಬೇಕಾಗಿರುವುದು ಹೋದ ವಾರ ಹಿತವೆನಿಸಿದ ಒತ್ತಡವನ್ನೇ ಈ ವಾರವೂ ತುಂಬುವುದು. ಹವೆ ಬದಲಾದಂತೆ ಅದೂ ಬದಲಾಗುತ್ತದೆ: ಏಪ್ರಿಲ್ ಮಧ್ಯಾಹ್ನದ 38 ಡಿಗ್ರಿಯಲ್ಲಿ 60 ಪಿಎಸ್‌ಐ ಇದ್ದ ಟೈರು, ಹನಿ ಗಾಳಿಯೂ ಸೋರದಿದ್ದರೂ, ಚಳಿಗಾಲದ ಮುಂಜಾವಿನ 12 ಡಿಗ್ರಿಯಲ್ಲಿ ಸುಮಾರು 54ಕ್ಕೆ ಇಳಿಯುತ್ತದೆ. ಪುಣೆಯ ಪಾಷಾಣ್ ಬಡಾವಣೆಯ ಕಡೆ ಚಳಿಯಲ್ಲಿ ಹೊರಡುವವರು ಹಿಂದಿನ ಸಂಜೆಯಲ್ಲ, ಬೆಳಿಗ್ಗೆಯೇ ನೋಡಬೇಕು.

ಪೆಟ್ರೋಲ್ ಬಂಕಿನಲ್ಲಿ ಗಾಳಿ ಪುಕ್ಕಟೆ ಸಿಗುವಾಗ ಇದಕ್ಕೆ ಹಣ ಸುರಿಯಬೇಕೇ ಎಂದು ಕೇಳುವವರಿದ್ದಾರೆ. ಬಂಕಿನ ಕಂಪ್ರೆಸರ್ ಕಾರಿನ ಟೈರಿಗೆಂದು ಇಟ್ಟದ್ದು. ಸೈಕಲ್ಲಿನ ಪುಟ್ಟ ಟ್ಯೂಬು ಅದರ ಒಂದು ರಭಸಕ್ಕೇ ಮಿತಿ ಮೀರಬಹುದು, ಟೈರಿನ ಅಂಚು ರಿಮ್ಮಿನಿಂದ ಹೊರಬಂದು ಟ್ಯೂಬು ಸಿಡಿಯಬಹುದು. ಪ್ರೆಸ್ಟಾ ಇದ್ದರೆ ಹಿತ್ತಾಳೆಯ ಸಣ್ಣ ಅಡಾಪ್ಟರ್ ಬೇರೆ ಬೇಕು. ರಸ್ತೆ ಬದಿಯ ಪಂಕ್ಚರ್ ಅಂಗಡಿಯವರ ಮಾತು ಬೇರೆ. ಕರ್ವೆ ರಸ್ತೆಯ ಬಳಿ ನಾನು ಹೋಗುವ ಅಂಗಡಿಯಲ್ಲಿ ವಿಜಯಪುರ ಸೀಮೆಯ ಒಬ್ಬರಿದ್ದಾರೆ, "ಅಣ್ಣಾರ, ಟೈರ್ ಒಳಗ ಮದ್ಲ ಬಟ್ಟಿ ಆಡಸ್ರಿ, ಮುಳ್ಳ ಇದ್ರ ಬಟ್ಟಿಗಿ ಸಿಗತೈತಿ, ಬೆರಳಿಗಿ ಚುಚ್ಚಂಗಿಲ್ಲ" ಎಂದು ಅವರು ಹೇಳಿಕೊಟ್ಟ ಉಪಾಯ ಯಾವ ಪಂಪಿನ ಜೊತೆಯ ಕೈಪಿಡಿಯಲ್ಲೂ ಇಲ್ಲ. ಪಂಪು ಕೊಂಡ ಮೇಲೂ ಅವರ ಬಳಿ ಹೋಗುವುದು ನಿಂತಿಲ್ಲ. ಬರಿಯ ಗಾಳಿಗಾಗಿ ಹೋಗುವುದು ನಿಂತಿದೆ.

ಬಾಳಿಕೆಯಲ್ಲಿ ದೂರು ಹೇಳಬೇಕಾದದ್ದು ತಲೆಯೊಳಗಿನ ರಬ್ಬರ್ ಬಿಲ್ಲೆಯ ಬಗ್ಗೆ. ಅದು ಸವೆದಾಗ ಲಿವರ್ ಎತ್ತಿದರೂ ಬಾಯಿಯ ಸುತ್ತ ಗಾಳಿ ಸೀಟಿ ಹೊಡೆಯುತ್ತದೆ. ಬಿಲ್ಲೆಯ ಬೆಲೆ ಅತ್ಯಲ್ಪ, ಆದರೆ ಪಂಪು ಮಾರಿದ ಅಂಗಡಿಯಲ್ಲಿ ಬಿಡಿಭಾಗ ಸಿಗಲಿಲ್ಲ. ಇಡೀ ತಲೆಯನ್ನೇ ಬದಲಿಸಿ ಎಂದರು. ಕೊನೆಗೆ ಬೇರೊಂದು ಕಡೆ ಸಿಕ್ಕ ಬಿಲ್ಲೆ ಸರಿಯಾಗಿ ಕುಳಿತಿತು. ಕೊಳವೆಯೊಳಗಿನ ಉಂಗುರಕ್ಕೆ ವರ್ಷಕ್ಕೊಮ್ಮೆ ಸಿಲಿಕೋನ್ ಗ್ರೀಸ್ ಸವರಿದರೆ ಹಿಡಿಕೆ ಹೊಸದರಂತೆ ಜಾರುತ್ತದೆ. ಚೈನಿಗೆ ಹಾಕುವ ಎಣ್ಣೆಯನ್ನೇ ಅಲ್ಲಿಗೂ ಸುರಿಯಬಾರದು, ಕೆಲವು ಬಗೆಯ ರಬ್ಬರು ಅದರಿಂದ ಊದಿಕೊಳ್ಳುತ್ತದೆ. ಮಳೆಗಾಲದಲ್ಲಿ ಬಾಲ್ಕನಿಯಲ್ಲಿ ಬಿಟ್ಟರೆ ಉಕ್ಕಿನ ದಂಡಕ್ಕೆ ತುಕ್ಕು ಹಿಡಿಯುತ್ತದೆ, ಆದ್ದರಿಂದ ನಮ್ಮಲ್ಲಿ ಅದರ ಜಾಗ ಬಾಗಿಲ ಹಿಂದೆ.

ದಾರಿಯಲ್ಲಿ ಪಂಕ್ಚರ್ ಆದರೆ ಈ ಪಂಪು ನೆರವಿಗೆ ಬರುವುದಿಲ್ಲ. ಸಿಂಹಗಡದ ಕಡೆಯೋ ಕಾತ್ರಜ್ ಘಾಟಿನ ಕಡೆಯೋ ಹೋಗುವವರು ಚೀಲದಲ್ಲಿ ಒಂದು ಕೈಪಂಪು, ಒಂದು ಟ್ಯೂಬು, ಎರಡು ಟೈರ್ ಲಿವರ್ ಬೇರೆಯಾಗಿಯೇ ಇಟ್ಟುಕೊಳ್ಳಬೇಕು. ಟ್ಯೂಬ್‌ಲೆಸ್ ಟೈರುಗಳ ಅಂಚನ್ನು ರಿಮ್ಮಿಗೆ ಕೂರಿಸಲು ಒಮ್ಮೆಗೇ ಬಹಳ ಗಾಳಿ ಬೇಕಾಗುವುದರಿಂದ ಅಂಥವರಿಗೆ ಗಾಳಿ ಕೂಡಿಡುವ ಟ್ಯಾಂಕು ಇರುವ ದುಬಾರಿ ಪಂಪೇ ಸರಿ. ಉಳಿದವರಿಗೆ ಇದನ್ನು ಸಂಕೋಚವಿಲ್ಲದೆ ಹೇಳಬಲ್ಲೆ, ಆದರೆ ಕೊಳ್ಳುವಾಗ ಸೈಕಲ್ಲನ್ನೇ ಅಂಗಡಿಗೆ ಒಯ್ಯಿರಿ. ಪೆಟ್ಟಿಗೆ ಬಿಚ್ಚಿಸಿ, ನಿಮ್ಮ ವಾಲ್ವಿಗೇ ತೊಡಿಸಿ 60ರವರೆಗೆ ಹೊಡೆದು, ಲಿವರ್ ಇಳಿಸದೆ ಒಂದು ನಿಮಿಷ ಮುಳ್ಳನ್ನು ನೋಡುತ್ತಿರಿ. ಮುಳ್ಳು ಜಾರಿದರೆ ಇನ್ನೊಂದು ಪೆಟ್ಟಿಗೆ ಬಿಚ್ಚಲು ಹೇಳಿ, ಬಿಚ್ಚಲು ಒಪ್ಪದಿದ್ದರೆ ಬೇರೆ ಅಂಗಡಿಗೆ ಹೋಗಿ.