ದೊಡ್ಡ ಅಕ್ಷರದ ಸತ್ಯವೇದ: ಒಂದೇ ಕೂರಿಕೆಯಲ್ಲಿ ಓದಿದ ಮೂರು ಅಧ್ಯಾಯಗಳು

ಕಣ್ಣು ಮಂಜಾದ ಮೇಲೆ ಸಣ್ಣ ಅಕ್ಷರದ ಸತ್ಯವೇದದಲ್ಲಿ (ಬೈಬಲಿನಲ್ಲಿ) ದಿನಕ್ಕೆ ಎರಡು ವಚನ ಓದುವುದೇ ನನಗೆ ಸಾಹಸವಾಗಿತ್ತು. ಆದ್ದರಿಂದ ಈ ವರ್ಷ ಶುಭ ಶುಕ್ರವಾರಕ್ಕೆ ಮುಂಚೆ ಬೆಂಗಳೂರಿನ ಕ್ರೈಸ್ತ ಪುಸ್ತಕದಂಗಡಿಯೊಂದರಲ್ಲಿ ದೊಡ್ಡ ಅಕ್ಷರದ ಪ್ರತಿಯನ್ನು ಕೊಂಡೆ. ಹಳೆಯ ಒಡಂಬಡಿಕೆಯ 39 ಮತ್ತು ಹೊಸ ಒಡಂಬಡಿಕೆಯ 27 ಪುಸ್ತಕಗಳು ಒಂದೇ ಸಂಪುಟದಲ್ಲಿವೆ. ಹೊಲಿಗೆ ಗಟ್ಟಿಯಾಗಿದೆ, ಮೇಜಿನ ಮೇಲೆ ಬಿಡಿಸಿಟ್ಟರೆ ತಾನಾಗಿ ಮುಚ್ಚಿಕೊಳ್ಳುವುದಿಲ್ಲ. ಕಾಗದ ಮಾತ್ರ ತೀರಾ ತೆಳು. ಹಿಂಬದಿಯ ಸಾಲುಗಳು ನೆರಳಿನಂತೆ ಕಾಣುವುದರಿಂದ ಪುಟದ ಕೆಳಗೆ ಬಿಳಿಯ ಹಾಳೆಯೊಂದನ್ನು ಇಟ್ಟುಕೊಂಡು ಓದುತ್ತೇನೆ.

ಈ ಪ್ರತಿ ನನಗೆ ಮಾಡಿದ ದೊಡ್ಡ ಉಪಕಾರವೆಂದರೆ, ಯೇಸುವಿನ ಸುವಾರ್ತೆಯನ್ನು ಸಾರಿದ ಅಪೊಸ್ತಲ ಪೌಲನು ಕ್ರಿ.ಶ. 57ರ ಸುಮಾರಿಗೆ ಕೊರಿಂಥದಿಂದ ರೋಮಾಪುರದ ಕ್ರೈಸ್ತರಿಗೆ ಬರೆದ, ಹೊಸ ಒಡಂಬಡಿಕೆಯಲ್ಲಿರುವ ಪತ್ರದ 6ರಿಂದ 8ರವರೆಗಿನ ಅಧ್ಯಾಯಗಳನ್ನು ಒಂದೇ ಕೂರಿಕೆಯಲ್ಲಿ ಓದಿಸಿದ್ದು. ಪಾಪ ಕೊಡುವ ಸಂಬಳ ಮರಣವೆಂಬ ಮಾತು ಸಂಡೇ ಸ್ಕೂಲಿನಿಂದಲೂ ಬಾಯಿಪಾಠವಾಗಿತ್ತು, ಆದರೆ ಅದೇ ವಚನದ ಉತ್ತರಾರ್ಧದಲ್ಲಿರುವ ‘ಉಚಿತಾರ್ಥವರ’, ಅಂದರೆ ದೇವರು ಉಚಿತವಾಗಿ ಕೊಡುವ ವರ, ಎಂಬ ಪದದ ಮೇಲೆ ನನ್ನ ಕಣ್ಣು ಎಂದೂ ನಿಂತಿರಲಿಲ್ಲ. ಸಂಬಳವೆಂದು ಇಲ್ಲಿ ಅನುವಾದಗೊಂಡಿರುವ ಗ್ರೀಕ್ ಪದವು ಸೈನಿಕನಿಗೆ ಸಲ್ಲುವ ವೇತನಕ್ಕೆ ಬಳಕೆಯಲ್ಲಿದ್ದದ್ದು. ದುಡಿದದ್ದಕ್ಕೆ ಸಂಬಳ ಬರುತ್ತದೆ, ವರವಾದರೋ ದುಡಿಯದವನಿಗೂ ಸಿಗುತ್ತದೆ.

ನನ್ನ ದುಡಿಮೆ ಎಂಥದೆಂದು ನನಗೇ ಗೊತ್ತಿತ್ತು. ತಂದೆಯವರ ಮನೆಯ ಬಾಡಿಗೆಯಲ್ಲಿ ತಮ್ಮನಿಗೆ ಸೇರಬೇಕಾದ ಪಾಲನ್ನು, ಮನೆ ಖಾಲಿ ಇದೆಯೆಂದು ಸುಳ್ಳು ಹೇಳಿ ನಾಲ್ಕು ವರ್ಷ ನಾನೇ ಇಟ್ಟುಕೊಂಡಿದ್ದೆ. ಪ್ರತಿ ಭಾನುವಾರ ಬೆಂಗಳೂರಿನ ಹಡ್ಸನ್ ದೇವಾಲಯದ (ಚರ್ಚಿನ) ಕನ್ನಡ ಆರಾಧನೆಯಲ್ಲಿ ಎಲ್ಲರೊಂದಿಗೆ ಪಾಪ ಅರಿಕೆಯನ್ನು ಹೇಳುತ್ತಿದ್ದೆ. ಸೋಮವಾರ ಅದೇ ಸುಳ್ಳು. ಬೇಕಾದ ಒಳ್ಳೆಯದನ್ನು ಮಾಡದೆ ಬೇಡವಾದ ಕೆಟ್ಟದ್ದನ್ನೇ ಮಾಡುತ್ತೇನೆಂದು ಪೌಲನು 7ನೆಯ ಅಧ್ಯಾಯದಲ್ಲಿ ನರಳುವುದನ್ನು ಓದಿದಾಗ ಅದು ನನ್ನದೇ ದನಿ ಎನಿಸಿತು. ಪುಟ ತಿರುವಿದರೆ 8ನೆಯ ಅಧ್ಯಾಯದ ಮೊದಲ ವಚನವೇ ಕ್ರಿಸ್ತ ಯೇಸುವಿನಲ್ಲಿರುವವರಿಗೆ ದಂಡನೆಯ ತೀರ್ಪಿಲ್ಲವೆನ್ನುತ್ತದೆ. ಬಿಡಿ ವಚನಗಳಾಗಿ ಓದಿದ್ದ ಇಷ್ಟು ವರ್ಷ, ಆ ನರಳಾಟಕ್ಕೆ ಇದೇ ಉತ್ತರವೆಂಬುದು ನನಗೆ ಹೊಳೆದಿರಲಿಲ್ಲ.

ದಂಡನೆ ಇಲ್ಲವೆಂದರೆ ಲೆಕ್ಕ ಒಪ್ಪಿಸಬೇಕಿಲ್ಲವೆಂದು ಅರ್ಥವೇ ಎಂಬ ಪ್ರಶ್ನೆಗೆ 6ನೆಯ ಅಧ್ಯಾಯ ಮೊದಲೇ ಉತ್ತರಿಸಿದೆ: ಪಾಪದಿಂದ ಬಿಡುಗಡೆಯಾದವನು ನೀತಿಗೆ ದಾಸನಾಗುತ್ತಾನೆ, ಅಂದರೆ ಅವನ ಒಡೆಯನೇ ಬದಲಾಗುತ್ತಾನೆ. ಲೂಕನ ಸುವಾರ್ತೆಯ 19ನೆಯ ಅಧ್ಯಾಯದಲ್ಲಿ ಸುಂಕ ವಸೂಲಿಗಾರನಾದ ಜಕ್ಕಾಯನು ಅನ್ಯಾಯವಾಗಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆಂದದ್ದು ಯೇಸು ಅವನ ಮನೆಗೆ ಬಂದ ಮೇಲೆ. ಅಷ್ಟು ಕೊಡುವ ಶಕ್ತಿ ನನಗಿರಲಿಲ್ಲ, ಪಾಲನ್ನಷ್ಟೇ ಲೆಕ್ಕ ಮಾಡಿ ತಮ್ಮನ ಕೈಗಿಟ್ಟು ನಿಜವನ್ನು ಹೇಳಿದೆ. ಅವನು ಹಣವನ್ನು ಎಣಿಸದೆ, “ನಿನಗೆ ಇದನ್ನು ಹೇಳೋಕೆ ನಾಲ್ಕು ವರ್ಷ ಬೇಕಾಯ್ತೇನಣ್ಣ?” ಎಂದು ಕೇಳಿದ.

ಚೀಲದಲ್ಲಿ ಹೊತ್ತು ಬಸ್ಸಿನಲ್ಲಿ ಓಡಾಡುವವರಿಗೆ ಈ ಪ್ರತಿ ಭಾರವಾದೀತು. ಮನೆಯಲ್ಲಿ ಕುಳಿತು ಅಧ್ಯಾಯಗಟ್ಟಲೆ ಓದಬೇಕೆನ್ನುವ ಹಿರಿಯರಿಗೆ ಇದನ್ನೇ ಕೊಳ್ಳಿರೆಂದು ಮನಃಪೂರ್ವಕವಾಗಿ ಹೇಳುತ್ತೇನೆ. ಮುಂದಿನ ತಿಂಗಳು ತಮ್ಮನಿಗೂ ಒಂದು ತರಲಿದ್ದೇನೆ.