ರಸ್ತೆಯಲ್ಲಿ ಸಿಕ್ಕವರು ಹೇಳೋ "ರಕ್ತಶುದ್ಧಿ" ಅಂಗಡಿಗೆ ದಯವಿಟ್ಟು ಹೋಗಬೇಡಿ

ಬೆಂಗಳೂರಿನವರು, ಅದರಲ್ಲೂ ವಯಸ್ಸಿಗೆ ಬಂದ ಮಕ್ಕಳಿರೋ ತಾಯಂದಿರು, ಇದನ್ನ ಪೂರ್ತಿ ಓದಿ. ಬರೆಯೋಕೆ ನಾಚಿಕೆ ಆಗ್ತಿದೆ. ಮನೆಯವರಿಗೆ ಕಳ್ಕೊಂಡ ದುಡ್ಡಿನ ಪೂರ್ತಿ ಮೊತ್ತ ಹೇಳಿದ್ದೇ ಮೊನ್ನೆ ಮೊನ್ನೆ. ಆದ್ರೂ ಬರೀತೀನಿ. ನಮ್ಮನ್ನ ಆ ಅಂಗಡಿಗೆ ಕಳಿಸಿದ ಹೆಂಗಸು ಇವತ್ತಿಗೂ ಬೇರೆ ಯಾರ ಮಗಳ ಮುಖಾನೋ ನೋಡ್ತಾ ನಿಂತಿರ್ತಾಳೆ.

ಏಪ್ರಿಲ್ ಬಿಸಿಲು ನಿಮಗೆ ಗೊತ್ತೇ ಇದೆ. ಮಗಳು ಸಿಇಟಿಗೆ ಓದ್ತಿದ್ಲು, ನಿದ್ದೆ ಇಲ್ಲ, ಮುಖದ ತುಂಬ ಮೊಡವೆ, ಕುತ್ತಿಗೆ ಬೆನ್ನೆಲ್ಲ ಬೆವರುಸಾಲೆ. ಬಸ್ ಸ್ಟಾಪಲ್ಲಿ ನಿಂತಿದ್ವಿ. ಪಕ್ಕದಲ್ಲಿ ಕಾಟನ್ ಸೀರೆ, ಕೈಯಲ್ಲಿ ತರಕಾರಿ ಚೀಲ, ನಮ್ಮ ನಿಮ್ಮ ಥರದ್ದೇ ಒಬ್ಬರು. "ಅಕ್ಕಾ, ಮಗಳಾ? ನಮ್ಮ ತಂಗಿಗೂ ಹೀಗೇ ಇತ್ತು ನೋಡಿ, ರಕ್ತ ಕೆಟ್ಟಿತ್ತು. ಮೇಲೆ ಏನು ಹಚ್ಚಿದ್ರೂ ಹೋಗಲ್ಲ, ಒಳಗಿಂದ ಶುದ್ಧಿ ಆಗ್ಬೇಕು" ಅಂದ್ರು. ಮೊಬೈಲಲ್ಲಿ ಆ ತಂಗಿಯ ಫೋಟೋ ಕೂಡ ತೋರಿಸಿದ್ರು, ಮುಂಚೆದು ಒಂದು, ಆಮೇಲಿಂದು ಒಂದು. ಒಂದು ಚೀಟೀಲಿ ಅಂಗಡಿ ವಿಳಾಸ ಬರೆದುಕೊಟ್ಟು, "ನನ್ನ ಹೆಸರು ಹೇಳ್ಬೇಡಿ, ನಂಗೇನೂ ಕಮಿಷನ್ ಇಲ್ಲ" ಅಂತ ಬೇರೆ ಹೇಳಿದ್ರು. ಕಮಿಷನ್ ಮಾತು ನಾನು ಎತ್ತೇ ಇರ್ಲಿಲ್ಲ!

ಅಂಗಡಿ ನೋಡಿದ್ರೆ ಯಾರಿಗಾದ್ರೂ ನಂಬಿಕೆ ಬರತ್ತೆ. ಧನ್ವಂತರಿ ಫೋಟೋ, ಊದುಬತ್ತಿ, ಸಾಲಾಗಿ ಗಾಜಿನ ಜಾಡಿ. ಮಂಜಿಷ್ಠ, ಸೊಗದೆ ಬೇರು, ಲಾವಂಚ, ಬೇವಿನ ಚಕ್ಕೆ, ಅಮೃತಬಳ್ಳಿ, ಎಲ್ಲದಕ್ಕೂ ಕನ್ನಡದಲ್ಲಿ ಚೀಟಿ. ಒಳಗೆ "ಡಾಕ್ಟ್ರು" ಅಂತ ಒಬ್ಬ ಮಗಳ ನಾಡಿ ಹಿಡಿದ, ನಾಲಿಗೆ ನೋಡಿದ, ಪಿತ್ತ ಜಾಸ್ತಿ ಅಂದ. ಚೀಟಿ ಬರೆದ. ಮಂಜಿಷ್ಠ, ಸೊಗದೆ, ಬೇವು ಪುಡಿಗೆ ಒಟ್ಟು 850 ರೂಪಾಯಿ. "ಇದರ ಜೊತೆ ಸ್ವಲ್ಪ ಮಾಣಿಕ್ಯ ಸೇರಿಸ್ತೀವಿ, ಅದೇ ಮೇನು." ಎಷ್ಟಾಗತ್ತೆ ಅಂದೆ. "ಇನ್ನೂರ ನಲವತ್ತು."

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಇನ್ನೂರ ನಲವತ್ತು ಅಂದ, ಅಷ್ಟೇ. ಗ್ರಂಧಿಗೆ ಅಂಗಡಿಗೆ ಹೋದ್ರೆ ನಾವು ನೂರು ಗ್ರಾಂ ಕೊಡಿ, ಐವತ್ತು ಗ್ರಾಂ ಕೊಡಿ ಅಂತೀವಿ, ಅವರು ತೂಗಿ ಪೇಪರಲ್ಲಿ ಕಟ್ಟಿ ರೇಟ್ ಹೇಳ್ತಾರೆ. ಬೇಡ ಅನ್ಸಿದ್ರೆ ವಾಪಸ್ ಡಬ್ಬಕ್ಕೆ ಹೋಗತ್ತೆ. ಇಲ್ಲಿ ಹಾಗಲ್ಲ. ಹುಡುಗ ಒಬ್ಬ ಕಲ್ಬತ್ತಲ್ಲಿ ನಮ್ಮ ಪುಡಿ ಸುರಿದ. ಸಣ್ಣ ಬಾಟಲಿಯಿಂದ ಇಟ್ಟಿಗೆ ಕೆಂಪಿನ ಪುಡಿ ಹಾಕಿದ. ಮತ್ತೆ ಹಾಕಿದ. ಇನ್ನೊಂದು ಬಾಟಲಿ ತೆಗೆದ. ನಾನು ನೋಡ್ತಾನೇ ಇದ್ದೆ, ಮಗಳು ನೋಡ್ತಾ ಇದ್ಲು. ಎಲ್ಲ ಸೇರಿಸಿ ಗರಗರ ಅಂತ ಅರೆದ. ಅರೆದಾದ ಮೇಲೆ, ಗಮನಿಸಿ, ಅರೆದಾದ ಮೇಲೆ ಕ್ಯಾಲ್ಕುಲೇಟರ್ ನನ್ನ ಕಡೆ ತಿರುಗಿಸಿದ. 15,250.

"ಏನ್ರೀ ಇದು?"

"ಮೇಡಂ, 60 ಗ್ರಾಂ. ಗ್ರಾಂಗೆ 240. ಡಾಕ್ಟ್ರು ಹೇಳಿದ್ರಲ್ಲ."

"ಗ್ರಾಂಗೆ ಅಂತ ಯಾವಾಗ ಹೇಳಿದ್ರಿ?"

"ಭಸ್ಮ ಎಲ್ಲಾ ಕಡೆ ಗ್ರಾಂ ಲೆಕ್ಕಾನೇ ಮೇಡಂ. ಚಿನ್ನ ಕೆಜಿ ಲೆಕ್ಕದಲ್ಲಿ ತಗೋತೀರಾ?"

ಬೇಡ ಅಂದೆ. "ಮಿಕ್ಸ್ ಆಗೋಯ್ತಲ್ಲ, ಈಗ ಇದನ್ನ ಬೇರೆ ಯಾರಿಗೆ ಕೊಡ್ಲಿ? ನಿಮ್ಮ ಮಗಳ ನಾಡಿಗೆ ಅಂತ ಮಾಡಿದ್ದು." ಅಷ್ಟು ಹೊತ್ತಿಗೆ ಬಾಗಿಲ ಹತ್ರ ಇಬ್ಬರು ಬಂದು ನಿಂತಿದ್ರು. ಬೈಲಿಲ್ಲ, ಮುಟ್ಲಿಲ್ಲ, ಸುಮ್ಮನೆ ನಿಂತಿದ್ರು. ಮಗಳು ನನ್ನ ಸೆರಗು ಹಿಡಿದು "ಅಮ್ಮಾ, ಕೊಟ್ಬಿಡು, ಹೋಗೋಣ" ಅಂದ್ಲು. ಫೋನ್‌ಪೇ ಮಾಡಿದೆ. ಸ್ಕ್ಯಾನ್ ಮಾಡಿದಾಗ ಬಂದಿದ್ದು ಅಂಗಡಿ ಹೆಸರಲ್ಲ, ಯಾರೋ ಒಬ್ಬ ವ್ಯಕ್ತಿಯ ಹೆಸರು. ಬಿಲ್ ಕೇಳಿದ್ದಕ್ಕೆ ಬಿಳಿ ಹಾಳೆ ಮೇಲೆ "ಔಷಧಿ 15,250" ಅಂತ ಬರೆದುಕೊಟ್ಟ. ಸೀಲಿಲ್ಲ, ಜಿಎಸ್‌ಟಿ ನಂಬರಿಲ್ಲ, ಏನಿಲ್ಲ.

ಮನೆಗೆ ಬಂದ್ರೆ ಇನ್ನೊಂದು. ಕಷಾಯಕ್ಕೆ ಅಂತ ಸೊಗದೆ ಬೇರು ತುಂಡು ಬೇರೆ ಕಟ್ಟಿಕೊಟ್ಟಿದ್ದ. ಅತ್ತೆ ಮೂಸಿ ನೋಡಿ, ಮುರಿದು ನೋಡಿ ನಕ್ಕರು. "ಇದು ಮಾಕಳಿ ಬೇರು ಕಣೇ, ಉಪ್ಪಿನಕಾಯಿ ಹಾಕೋದು." ಘಮ ಎರಡಕ್ಕೂ ಹೆಚ್ಚು ಕಡಿಮೆ ಒಂದೇ, ಅದಕ್ಕೇ ಮೋಸ ಸುಲಭ. ಆದ್ರೆ ಸೊಗದೆ ಬೇರು ತೆಳ್ಳಗೆ, ಕಂದು ಸಿಪ್ಪೆ, ನಡುವೆ ಗಟ್ಟಿ ಕಡ್ಡಿ ಇರತ್ತೆ. ಇವನು ಕೊಟ್ಟಿದ್ದು ಹೆಬ್ಬೆರಳು ದಪ್ಪದ ತುಂಡು. ಮಾಕಳಿ ಬೇರು ತಿಂದ್ರೆ ಏನೂ ಆಗಲ್ಲ ಬಿಡಿ, ನಮ್ಮ ಮನೆ ಭರಣೀಲೇ ಇದೆ. ಆದ್ರೆ ಬೇರನ್ನೇ ಬದಲಾಯಿಸೋರು ಬಾಟಲೀಲಿ ಏನು ಇಟ್ಟಿರ್ತಾರೆ?

ಅದನ್ನೇ ಕೇಳೋಕೆ ನಮ್ಮ ಏರಿಯಾದ ಬಿಎಎಂಎಸ್ (ಆಯುರ್ವೇದ ಪದವಿ) ಡಾಕ್ಟರ್ ಹತ್ರ ಹೋದೆ. ಅಷ್ಟರಲ್ಲಿ ಮಗಳು ಆ ಪುಡಿ ತಗೊಂಡು ಹೊಟ್ಟೆ ನುಲಿತ, ಭೇದಿ ಶುರುವಾಗಿತ್ತು. ಅಂಗಡಿಗೆ ಫೋನ್ ಮಾಡಿದ್ರೆ "ಕೆಟ್ಟ ರಕ್ತ ಹೋಗ್ತಿದೆ, ಒಳ್ಳೇದೇ" ಅಂದಿದ್ದ. ಡಾಕ್ಟರ್ ಅಂದ್ರು, ಕೆಟ್ಟ ರಕ್ತ ಹಾಗೆಲ್ಲ ಹೋಗಲ್ಲ, ಸೋನಾಮುಖಿ ಥರದ ಭೇದಿ ಔಷಧಿ ಸೇರಿಸಿರಬಹುದು, ಈ ಬಿಸಿಲಲ್ಲಿ ಮೈನ ನೀರೆಲ್ಲ ಹೋಗತ್ತೆ, ನಿಲ್ಲಿಸಿ. ಆ "ಮಾಣಿಕ್ಯ" ಅಂದದ್ದು ರಸಮಾಣಿಕ್ಯ ಇರಬೇಕು, ಚರ್ಮರೋಗಕ್ಕೆ ಕೊಡೋ ಔಷಧಿ, ಹರಿತಾಳದಿಂದ ಮಾಡೋದು. ಹರಿತಾಳ ಅಂದ್ರೆ ಆರ್ಸೆನಿಕ್ ಅನ್ನೋ ವಿಷ ಇರೋ ಖನಿಜ. ವೈದ್ಯರು ಕೊಟ್ಟರೂ ಒಂದು ಹೊತ್ತಿಗೆ ಒಂದು ಗುಂಜಿ ತೂಕ, ಅಂದ್ರೆ ಸುಮಾರು 125 ಮಿಲಿಗ್ರಾಂ ಆಸುಪಾಸು. ಇವನು ಹಾಕಿದ್ದು 60 ಗ್ರಾಂ! "ನಿಜವಾದ ರಸಮಾಣಿಕ್ಯ ಆಗಿದ್ರೆ ವಿಷ, ಅಲ್ಲದಿದ್ರೆ ಮೋಸ. ಬರೀ ಕಾವಿ ಮಣ್ಣಾಗಿದ್ರೆ ನಿಮ್ಮ ಪುಣ್ಯ" ಅಂದ್ರು. ಆ ರಾತ್ರಿ ನಂಗೆ ನಿದ್ದೆ ಬರ್ಲಿಲ್ಲ. ದುಡ್ಡು ಹೋಗ್ಲಿ, ಮಗು ಬಾಯಿಗೆ ಏನು ಹಾಕಿದೆ ಅನ್ನೋದೇ ತಲೇಲಿ. ಈಗ ಆರಾಮಾಗಿದ್ದಾಳೆ, ಅವಳಿಗೆ ರಕ್ತ ಪರೀಕ್ಷೆ ಮಾಡಿಸಿ ಲಿವರು, ಕಿಡ್ನಿ ಸರಿ ಇದೆ ಅಂತ ನೋಡಿಕೊಂಡ ಮೇಲೇ ನಂಗೆ ಉಸಿರು ಬಂತು.

ಅಂಗಡಿಗೆ ಮತ್ತೆ ಫೋನ್ ಮಾಡಿದೆ. ಲೈಸೆನ್ಸ್ ನಂಬರ್ ಎಲ್ಲಿ, ಬ್ಯಾಚ್ ನಂಬರ್ ಎಲ್ಲಿ ಅಂದೆ. "ವೈದ್ಯರು ತಮ್ಮ ರೋಗಿಗೆ ಕೈಯಾರೆ ಮಾಡಿಕೊಟ್ರೆ ಲೈಸೆನ್ಸ್ ಬೇಡ ಮೇಡಂ, ಕಾನೂನು ಓದ್ಕೊಳ್ಳಿ" ಅಂದ. ಓದ್ಕೊಂಡೇ ಮಾಡಿದ್ದೆ! ಆ ರಿಯಾಯಿತಿ ವೈದ್ಯರಿಗೆ ಮಾತ್ರ. ಸರಿ, ನಿಮ್ಮ ಡಾಕ್ಟ್ರ ರಿಜಿಸ್ಟ್ರೇಷನ್ ನಂಬರ್ ಕೊಡಿ ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಮೇಡಂ, ನಿಮಗೆ ಪಿತ್ತ ಜಾಸ್ತಿ ಇದೆ, ಅದಕ್ಕೇ ಇಷ್ಟು ಕೋಪ. ನೀವೂ ಒಂದು ಕೋರ್ಸ್ ತಗೊಳ್ಳಿ." ಕಟ್ ಮಾಡಿದ. ಈ ಮಾತು ನೆನೆಸಿಕೊಂಡ್ರೆ ಈಗಲೂ ಮೈ ಉರಿಯತ್ತೆ.

ಮಂಜಿಷ್ಠ, ಬೇವು, ಸೊಗದೆ ಬಗ್ಗೆ ನಂಗೆ ತಕರಾರಿಲ್ಲ. ಬೇಸಿಗೇಲಿ ಸೊಗದೆ ಬೇರಿನ ಶರಬತ್ತು ನಮ್ಮ ಮನೇಲಿ ಈಗಲೂ ಮಾಡ್ತೀವಿ. ತಕರಾರಿರೋದು ಇವರ ಮೇಲೆ. ಅರೆಯೋಕೆ ಮುಂಚೆ ಒಟ್ಟು ಎಷ್ಟು ಅಂತ ಕಾಗದದ ಮೇಲೆ ಬರೆಸಿಕೊಳ್ಳಿ, ಬರೆಯಲ್ಲ ಅಂದ್ರೆ ಎದ್ದು ಬನ್ನಿ. ಭಸ್ಮ ಅಂದ ತಕ್ಷಣ ಎದ್ದು ಬನ್ನಿ. ಲೇಬಲ್ ಇಲ್ಲದ ಪುಡಿ ಮಕ್ಕಳಿಗೆ ಕೊಡಲೇಬೇಡಿ.

ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೀನಿ, ಆಯುಷ್ ಇಲಾಖೆಗೂ ಬರೆದಿದ್ದೀನಿ. ಎರಡೂ ಕಡೆ ಬಿಲ್ ಕೇಳ್ತಾರೆ, ನನ್ನ ಹತ್ರ ಇರೋದು ಆ ಬಿಳಿ ಹಾಳೆ ಮತ್ತೆ ಫೋನ್‌ಪೇ ಸ್ಕ್ರೀನ್‌ಶಾಟ್. ನಿಮಗೂ ಹೀಗೇ ಆಗಿದ್ರೆ ಸಿಟ್ಟಲ್ಲಿ ಪುಡಿ ಚರಂಡಿಗೆ ಸುರೀಬೇಡಿ, ಬಸ್ ಸ್ಟಾಪಲ್ಲಿ ಕೊಟ್ಟ ಚೀಟೀನೂ ಹರೀಬೇಡಿ. ನಾನು ಚೀಟಿ ಹರಿದು ಹಾಕಿದ್ದೆ, ಈಗ ಆ ಹೆಂಗಸಿಗೂ ಅಂಗಡಿಗೂ ಸಂಬಂಧ ಇದೆ ಅಂತ ತೋರಿಸೋಕೆ ಏನೂ ಉಳಿದಿಲ್ಲ.